ಭಾವನ ಸ್ಟಿಯರಿಂಗಿನಲ್ಲಿ ನಾಲ್ಕು ಬೆರಳಿನ ಸಡಿಲ

ನಮ್ಮ ಭಾವನಿಗೆ ನೇರ ರಸ್ತೆ ಕಂಡರಾಗದು ಎಂದು ಹೊಸದುರ್ಗದಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೇಳುತ್ತಾರೆಂಬ ಕಾರಣಕ್ಕೆ ಒಂದು ಮಾತನ್ನು ಒಪ್ಪುವವನು ನಾನಲ್ಲ. ಆದರೆ ಅವರ ಅಂಬಾಸಿಡರ್ ಕಾರಿನ ಹಿಂದೆ ಒಮ್ಮೆ ನನ್ನ ಸ್ಕೂಟರಿನಲ್ಲಿ ಹೋದ ಮೇಲೆ, ಆ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ, ಸೌಜನ್ಯವೇ ತುಂಬಿದೆ ಎಂದು ಮನವರಿಕೆಯಾಯಿತು. ಕಾರು ಎಡಗಡೆಯ ಹುಣಸೆಮರವನ್ನು ಮಾತಾಡಿಸಿ, ಬಲಗಡೆಯ ಮೈಲಿಗಲ್ಲಿನ ಯೋಗಕ್ಷೇಮ ವಿಚಾರಿಸಿ, ಮತ್ತೆ ಎಡಕ್ಕೆ ಬರುತ್ತಿತ್ತು. ಮದುವೆಮನೆಯ ಯಜಮಾನ ಕೂಡ ಎರಡೂ ಕಡೆಯ ಬೀಗರನ್ನು ಅಷ್ಟು ಸಮನಾಗಿ ಉಪಚರಿಸಲಾರ!

ಭಾವನೆಂದರೆ ನನ್ನ ಅಕ್ಕನ ಗಂಡ. ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿದ್ದವರು. ಎಪ್ಪತ್ತು ದಾಟಿದ ಮೇಲೆ ವ್ಯಾಪಾರ ಬಿಟ್ಟರು, ಕಾರು ಬಿಡಲಿಲ್ಲ. ಸೋಮವಾರ ತಾವು ವಿಭೂತಿ ಧರಿಸಿದ ಮೇಲೆ ಕಾರಿಗೂ ಮೂರು ಬೆರಳು ಎಳೆಯುತ್ತಾರೆ. ಏರು ಹತ್ತಿ ಮುಗಿದೊಡನೆ ನಿಲ್ಲಿಸಿ, ‘ಪಾಪ, ದಮ್ಮು ತಗಳ್ಳಿ’ ಎಂದು ಕಾಯುತ್ತಾರೆ. ಆ ಕಾರಿನ ಸ್ಟಿಯರಿಂಗ್ ಚಕ್ರದಲ್ಲಿ ನಾಲ್ಕು ಬೆರಳಿನಷ್ಟು ಸಡಿಲವಿತ್ತು. ಅಂದರೆ ಕೈಯಲ್ಲಿರುವ ಚಕ್ರವನ್ನು ನಾಲ್ಕು ಬೆರಳಗಲ ತಿರುಗಿಸುವವರೆಗೆ ಕೆಳಗಿನ ಗಾಲಿಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಇದನ್ನು ದೋಷವೆಂದು ಭಾವ ಒಪ್ಪಬೇಕಲ್ಲ?

“ಹೇಳಿದ್ ತಕ್ಷಣ ಮಾಡೋ ಆಳು ಒಳ್ಳೇನಲ್ಲ ಕಣಪ್ಪ. ಒಂದ್ ಗಳಿಗೆ ಯೋಚ್ನೆ ಮಾಡ್ಬೇಕು. ಇದು ಯೋಚ್ನೆ ಮಾಡ್ತೈತೆ!”

ಈ ಯೋಚನಾಶೀಲ ಕಾರಿಗೆ ಅಭಿಮಾನಿಗಳೂ ಇದ್ದರು. ಮತ್ತೋಡಿನ ಕಡೆ ಸುಗ್ಗಿಯಲ್ಲಿ ರೈತರು ಹುರುಳಿ ಬಳ್ಳಿಯನ್ನು ಡಾಂಬರು ರಸ್ತೆಗೇ ಹರಡುತ್ತಾರೆ. ಹೋಗಿಬರುವ ವಾಹನಗಳು ತುಳಿದು ಕಾಳು ಬಿಡಿಸಬೇಕು. ಬಸ್ಸು ಲಾರಿಗಳೋ, ಒಂದೇ ಜಾಡಿನಲ್ಲಿ ಹೋಗಿ ನಡುವಿನ ಬಳ್ಳಿಯನ್ನು ಹಾಗೇ ಬಿಡುತ್ತವೆ. ಭಾವನ ಕಾರು ಮಾತ್ರ ಅಂಚಿನಿಂದ ಅಂಚಿಗೆ ಒಂದು ಕಾಯಿಯನ್ನೂ ಉಳಿಸದೆ ತುಳಿಯುತ್ತಿತ್ತು! ಕಳೆದ ಸುಗ್ಗಿಯಲ್ಲಿ ಒಬ್ಬ ರೈತ ಅಡ್ಡ ಬಂದು ಕೈಮುಗಿದನಂತೆ.

“ಸಾವ್ಕಾರ್ರೇ, ಇನ್ನೊಂದ್ ಸುತ್ತು ಬರ್ರಿ. ಬಸ್ಸಿನೋರಿಗೆ ಇಂಥ ಕೆಲ್ಸ ಎಲ್ಲಿ ಬರ್ತೈತೆ?”

ಹೊಗಳಿದರೆ ಭಾವ ನಿಲ್ಲುವವರೇ? ಸುತ್ತು ಬಂದರು. ಮುಂದಿನ ಹೊಲದವನೂ ಕರೆದ; ಅಲ್ಲಿಯೂ ಸೇವೆ ಸಲ್ಲಿಸಿದರು. ಹಿರಿಯೂರಿನ ನೆಂಟರ ಗೃಹಪ್ರವೇಶಕ್ಕೆಂದು ರೇಷ್ಮೆ ಸೀರೆಯುಟ್ಟು ಹೊರಟಿದ್ದ ಅಕ್ಕ, ತಲೆತುಂಬ ಹುರುಳಿ ಹೊಟ್ಟು ಹೊತ್ತು, ಕೊನೆಯ ಪಂಕ್ತಿಯವರು ಕೈತೊಳೆಯುವ ಹೊತ್ತಿಗೆ ಹೋಗಿ ಇಳಿದಳು.

ಹಿಂದಿರುಗುವಾಗ ಇನ್ನೂ ದೊಡ್ಡ ಪ್ರಸಂಗ ನಡೆಯಿತು. ಹೆದ್ದಾರಿಯಲ್ಲಿ ಕಾರು ಯೋಚನೆ ಮಾಡುತ್ತ ಮಾಡುತ್ತ ಒಂದು ಬಸ್ಸಿನ ಮಗ್ಗುಲಿಗೆ ಹೋಯಿತು. ಎಷ್ಟು ಹತ್ತಿರವೆಂದರೆ, ಬಸ್ಸಿನಲ್ಲಿ ಕುಳಿತವರು ಬಿಚ್ಚಿದ್ದ ಚಿತ್ರಾನ್ನದ ಒಗ್ಗರಣೆ ಅಕ್ಕನ ಮೂಗಿಗೆ ತಟ್ಟಿತು! ಮನೆಗೆ ಬಂದವಳೇ ಅಕ್ಕ ತೀರ್ಪು ಕೊಟ್ಟಳು.

“ನೋಡ್ರಿ, ಸ್ಟಿಯರಿಂಗ್ ಗಟ್ಟಿ ಮಾಡಿಸ್ರಿ. ಆಗ್ಲಿಲ್ಲ ಅಂದ್ರೆ ಗಾಡಿ ಮಾರ್ರಿ. ಅಲ್ಲೀತನಕ ನಾನಿದನ್ನ ಹತ್ತಲ್ಲ.”

ಕಾರಿಲ್ಲದ ಬದುಕು, ಅಕ್ಕ ಕೂರದ ಕಾರು: ಇವೆರಡರಲ್ಲಿ ಯಾವುದನ್ನೂ ಊಹಿಸಲಾಗದೆ ಭಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಗ್ಯಾರೇಜುಗಳ ಯಾತ್ರೆ ಆರಂಭವಾಯಿತು. ಹೊಳಲ್ಕೆರೆಯ ಮೆಕ್ಯಾನಿಕ್ ಟೈರು ಸವೆದಿದೆ ಎಂದ. ಟೈರು ಹೊಸದಾಯಿತು, ಕಾರು ಹೊಸ ಟೈರಿನಲ್ಲಿ ಹಳೆಯ ಹಾಗೇ ಓಲಾಡಿತು. ಚಿತ್ರದುರ್ಗದವನು, “ಸ್ಟಿಯರಿಂಗ್ ಬಾಕ್ಸ್ ಹೋಗೈತೆ, ಬದ್ಲಾಯಿಸ್ರಿ” ಎಂದ.

ಇಲ್ಲಿ ನಾನು ಬಾಯಿ ಹಾಕಬೇಕಾಯಿತು. ನಾನು ಶಾಲೆಯಲ್ಲಿ ಕಲಿತದ್ದು ಏಳನೆಯ ತರಗತಿಯವರೆಗೆ. ಮಿಕ್ಕದ್ದನ್ನೆಲ್ಲ ಬಿಚ್ಚಿ ನೋಡಿ ಕಲಿತವನು. ಆ ಕಾರಿಗೆ ಬಾಕ್ಸೇ ಇಲ್ಲ! ಇರುವುದು ಅಡ್ಡಲಾಗಿ ಮಲಗಿದ ಒಂದು ಹಲ್ಲಿನ ಸರಳು, ಅದಕ್ಕೊಂದು ಕಬ್ಬಿಣದ ಕೊಳವೆ. ಇಲ್ಲದ ವಸ್ತು ಕೆಡುವುದು ಹೇಗೆ?

“ಹಂಗಾದ್ರೆ ನೀನೇ ನೋಡಪ್ಪ ವಿಜ್ಞಾನಿ” ಎಂದರು ಭಾವ.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಕಾರಿನ ಮುಂಭಾಗವನ್ನು ಜಾಕಿನಿಂದ ಎತ್ತಿ, ಮರದ ದಿಮ್ಮಿಗಳ ಆಸರೆ ಕೊಟ್ಟು, ಗೋಣಿಚೀಲ ಹಾಸಿಕೊಂಡು ನಾನು ಕೆಳಗೆ ನುಸುಳಿದೆ. ನನ್ನ ವಿಧಾನ ಸರಳ. ಮೇಲೆ ಒಬ್ಬರು ಚಕ್ರ ಅಲ್ಲಾಡಿಸಬೇಕು. ಕೆಳಗಿನವನು ಒಂದೊಂದೇ ಕೀಲನ್ನು ಬೆರಳಿನಿಂದ ಮುಟ್ಟುತ್ತ ಹೋಗಬೇಕು. ಅಲುಗಾಟ ಎಲ್ಲಿ ಕಳೆದುಹೋಗುತ್ತದೋ ಅಲ್ಲಿದ್ದಾನೆ ಕಳ್ಳ.

“ಭಾವ, ಎಡಕ್ಕೆ ತಿರುಗಿಸ್ರಿ!”

“ಯಾರ ಎಡ? ನಿನ್ದಾ, ನನ್ದಾ?”

“ನಿಮ್ದೇ!”

“ಅಂಗಾತ ಮಲಗಿರೋನ ಮಾತು ಹೆಂಗಪ್ಪ ನಂಬಾದು?”

“ಲೇ, ಇಬ್ರೂ ಜಗಳಾಡ್ಕಂತ ಗಾಡಿ ಬೀಳಿಸ್ಕಂಡೀರ!” ಎಂದು ಜಗಲಿಯಿಂದ ಅಕ್ಕ ಕೂಗಿದಳು.

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಕೊಳವೆಯನ್ನು ಹಿಡಿದಿದ್ದ ಬೋಲ್ಟುಗಳು ಸಡಿಲಾಗಿ, ಒಳಗಿನ ಸರಳು ಜರುಗುವ ಬದಲು ಕೊಳವೆಯೇ ಜರುಗುತ್ತಿತ್ತು. ಮೊಳೆ ಹೊಡೆಯಹೋದರೆ ಗೋಡೆಯೇ ಹಿಂದೆ ಸರಿದ ಹಾಗೆ! ಸವೆದ ಬೋಲ್ಟುಗಳನ್ನು ತೆಗೆದು, ಹೊಸವನ್ನು ಹಾಕಿ, ಹಲ್ಲುಕಚ್ಚಿ ಬಿಗಿದೆ. ಭಾವ ಚಕ್ರ ಮುಟ್ಟಿದರೆ ಸಾಕು, ಗಾಲಿ ತಿರುಗಿತು. ನಾಲ್ಕು ಬೆರಳಿನ ಸಡಿಲ ಮಾಯ!

ಆದರೂ ಕೊನೆಯದೊಂದು ಪರೀಕ್ಷೆ ಬೇಡವೇ? ಸರಳಿನ ತುದಿಗೆ ಎರಡು ಬೆರಳು ಇಟ್ಟೆ.

“ಈಗ ತಿರುಗಿಸಬ್ಯಾಡ್ರಿ. ಸುಮ್ನೆ ಹಿಡ್ಕಳ್ರಿ.”

ಸರಳು ನಡುಗುತ್ತಿತ್ತು. ಬೋಲ್ಟನ್ನು ಅನುಮಾನಿಸಿ ಮತ್ತೆ ಬಿಗಿದು ನೋಡಿದೆ, ಬಂಡೆಯಂತಿತ್ತು. ಎಂಜಿನ್ ಆರಿತ್ತು.

“ಅಲ್ಲಾಡಿಸಬ್ಯಾಡ್ರಿ ಅಂದ್ನಲ್ಲ ಭಾವ.”

“ನಾನೆಲ್ಲಪ್ಪ ಅಲ್ಲಾಡಿಸ್ತಿದೀನಿ?”

ಆ ಧ್ವನಿಯಲ್ಲಿ ಎಂದಿನ ಗದರಿಕೆ ಇರಲಿಲ್ಲ. ಕೈ ಬಿಡಲು ಹೇಳಿದೆ, ನಡುಕ ನಿಂತಿತು. ಹಿಡಿಯಲು ಹೇಳಿದೆ, ಅಂಗೈಯಲ್ಲಿ ಹಿಡಿದ ಹಕ್ಕಿಮರಿಯ ಎದೆಯಂತೆ ಮತ್ತೆ ಶುರುವಾಯಿತು. ಇಷ್ಟು ಕಾಲವೂ ಅದನ್ನು ಆ ಸಡಿಲವೇ ನುಂಗಿಕೊಂಡು ಯಾರಿಗೂ ತೋರಗೊಡದೆ ಕಾಪಾಡಿತ್ತು. ಈಗ ನಡುವೆ ಏನೂ ಇಲ್ಲದೆ, ಭಾವನ ಕೈ ಕಬ್ಬಿಣದ ಮೂಲಕ ನೇರವಾಗಿ ನನ್ನ ಬೆರಳಿಗೆ ಬಂದು ಮುಟ್ಟಿತ್ತು.

“ಏನಾಯ್ತೋ?” ಅಕ್ಕ ಕೇಳಿದಳು. “ಮಾರಾದೋ, ಹತ್ತಾದೋ?”

ನಾನು ಕಾರಿನ ಹೊಟ್ಟೆಯ ಕೆಳಗಿನಿಂದಲೇ ಕೂಗಿದೆ.

“ಹತ್ತಾದೇ ಅಕ್ಕ, ಗಟ್ಟಿ ಆಗೈತೆ. ಆದ್ರೆ ಹೊಸ ಬೋಲ್ಟು ಕುಂತ್ಕಳ್ಳಾತನಕ ಬಿಗಿದೋನೇ ಗಾಡಿ ಓಡಿಸ್ಬೇಕು. ನಿಯಮ ಐತೆ.”

ಅಂಥ ನಿಯಮ ಯಾವ ಪುಸ್ತಕದಲ್ಲಿಯೂ ಇಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಿಲ್ಲಿಸಿ ಪುರಾವೆ ಕೇಳುತ್ತಿದ್ದೆ. ಮೇಲಿನಿಂದ ಭಾವ ಕೇಳಿದರು.

“ಕುಂತ್ಕಳ್ಳಾಕೆ ಎಷ್ಟು ದಿನ ಬೇಕಪ್ಪ?”

“ಹಳೇ ಗಾಡಿ ಭಾವ. ಹೇಳಾಕಾಗಲ್ಲ.”

“ಹೌದೌದು” ಎಂದರು ಭಾವ. “ಆ ನಿಯಮ ನಾನೂ ಕೇಳೀನಿ.”

ನಾನು ಹೊರಬಂದು ಜಾಕು ಇಳಿಸುವಷ್ಟರಲ್ಲಿ ಅವರು ಬೆಂಚಿನಂಥ ಆ ಉದ್ದ ಸೀಟಿನ ಮೇಲೆ ತಾವಾಗಿಯೇ ಎಡಕ್ಕೆ ಸರಿದು ನನಗೆ ಜಾಗ ಬಿಟ್ಟಿದ್ದರು. ಅಕ್ಕ ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಮುಂದೆಯೇ ಹತ್ತಿ, ಅವರಿಗೆ ಒತ್ತಿಕೊಂಡು ಕುಳಿತು, ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಸೆರಗು ಮುಚ್ಚಿದಳು.

ಹಿರಿಯೂರಿನ ದಾರಿ ಹಿಡಿದೆವು. ಕಾರು ನೂಲು ಹಿಡಿದಂತೆ ನೇರ ಹೋಗುತ್ತಿತ್ತು.

“ಲೇ, ಎಡಕ್ಕೆ ಎಳೀತೈತೆ ನೋಡಪ್ಪ” ಎಂದರು ಭಾವ.

“ಹೌದು ಭಾವ” ಎಂದು ನಾನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದೆ.

“ಹಾಂ. ಈಗ ಸರಿ ಹೋತು.”