ಚೆನ್ನಯ್ಯನ ಬ್ಯಾಂಡೂ ಗುರುಸಿದ್ದಮ್ಮನ ಬೀಗವೂ

ಆ ದಿನದ ರಗಳೆಗೆಲ್ಲ ಮೂಲ ಒಂದು ಬೀಗ.

ಬೀಗ ಗುರುಸಿದ್ದಮ್ಮನದು. ಅವಳ ಗಂಡ ಹಳ್ಳಿಮೈಸೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದ. ಅವನು ತೀರಿಕೊಂಡಾಗ ಅಂಗಡಿ ಮೈದುನನಿಗೆ ಹೋಯಿತು, ಮನೆ ಭಾವನಿಗೆ ಹೋಯಿತು, ಅಂಗಡಿಯ ಬೀಗ ಇವಳಿಗೆ ಬಂತು. ಸಣ್ಣ ಕುಂಬಳಕಾಯಿಯಷ್ಟಿದ್ದ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿ ಅವಳು ಹೊಳೆನರಸೀಪುರದ ಅಣ್ಣನ ಮನೆ ಸೇರಿ ಆರು ವರ್ಷವಾಗಿತ್ತು. ಒತ್ತಿದರೆ ಆ ಬೀಗ ಯಾರ ಕೈಗೂ ಕೂರುತ್ತಿತ್ತು. ತೆಗೆಯುವುದಕ್ಕೆ ಮಾತ್ರ, ಕೀಲಿ ಎಷ್ಟು ತೂರಬೇಕು, ಯಾವ ಕಡೆ ಎಷ್ಟು ತಿರುಗಿಸಬೇಕು, ಎಲ್ಲಿ ಗುದ್ದಬೇಕು ಎನ್ನುವ ಒಂದು ವರಸೆ ಬೇಕಿತ್ತು. ಆ ವರಸೆ ಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬ ತೀರಿಕೊಂಡಿದ್ದ.

ಇಂಥ ಬೀಗವೂ, ಧಾರೆಯ ಮಂಟಪದ ಹತ್ತಿರ ಸುಳಿಯಬಾರದ ಹೆಂಗಸೂ ಒಟ್ಟಿಗೆ ಸಿಕ್ಕರೆ ನೆಂಟರು ಬಿಡುತ್ತಾರೆಯೇ? ಮದುವೆ ಯಾರದಾದರೂ ಉಗ್ರಾಣ ಗುರುಸಿದ್ದಮ್ಮನದಾಯಿತು. ಆರು ವರ್ಷದಲ್ಲಿ ಹದಿನಾಲ್ಕು ಮದುವೆ, ಹದಿನಾಲ್ಕು ಉಗ್ರಾಣ. ಹಾಸನ, ದುದ್ದ, ಚನ್ನರಾಯಪಟ್ಟಣ, ಎಲ್ಲ ಕಡೆಯ ಬೆಲ್ಲದ ಅಚ್ಚಿನ ತೂಕ ಅವಳಿಗೆ ಗೊತ್ತಿತ್ತು. ಒಬ್ಬ ಮದುಮಗನ ಮುಖವೂ ಗೊತ್ತಿರಲಿಲ್ಲ.

ಮದುಮಕ್ಕಳನ್ನು ನೋಡುವ ಆಸೆಯೂ ಅವಳಿಗಿರಲಿಲ್ಲ. ಆಸೆ ಇದ್ದದ್ದು ಅರಕಲಗೂಡಿನ ಚೆನ್ನಯ್ಯನ ಬ್ಯಾಂಡನ್ನು ನೋಡಬೇಕೆಂದು.

ಚೆನ್ನಯ್ಯ ಊದುತ್ತಿದ್ದದ್ದು ಕ್ಲಾರಿಯೊನೆಟ್. ಆ ಹೆಸರು ನಾಲಿಗೆಗೆ ಹೊರಳದೆ ಜನ ಅದನ್ನು ಪೀಪಿ ಎನ್ನುತ್ತಿದ್ದರು. ಅವನ ಪೀಪಿ ಕೇಳಲು ಹಾಸನದ ಕಾಲೇಜು ಹುಡುಗರು ಕರೆಯೋಲೆ ಇಲ್ಲದ ಮದುವೆಗೂ ಸೈಕಲ್ಲು ತುಳಿದುಕೊಂಡು ಬರುತ್ತಿದ್ದರು. ಬಸ್ಸಿನ ಕಂಡಕ್ಟರು ಎಂಜಿನ್ ಬಿಸಿಯಾಗಿದೆ ಎಂದು ಬಸ್ಸು ನಿಲ್ಲಿಸಿ, ಹಾಡು ಮುಗಿದ ಮೇಲೆ ರೈಟ್ ಹೇಳುತ್ತಿದ್ದ. ಹಾಡಿನ ಕೊನೆಯಲ್ಲಿ ಚೆನ್ನಯ್ಯ ಒಂದು ಸ್ವರ ಹಿಡಿಯುತ್ತಿದ್ದ. ಒಂದೇ ಉಸಿರು. ನಿಧಾನವಾಗಿ ನಲವತ್ತು ಎಣಿಸಿದರೂ ಬಿಡುತ್ತಿರಲಿಲ್ಲ. ಆಗ ಅವನ ಕೆನ್ನೆ ಬೋಂಡದ ಹಾಗೆ ಉಬ್ಬುತ್ತದೆ ಎಂದು ಕೆಲವರು, ಕಿವಿ ಅಲ್ಲಾಡುತ್ತದೆ ಎಂದು ಕೆಲವರು, ಮೂಗಿನಲ್ಲಿ ಕದ್ದು ಉಸಿರೆಳೆಯುತ್ತಾನೆ ಎಂದು ಕೆಲವರು. ಗುರುಸಿದ್ದಮ್ಮ ಆ ಸ್ವರವನ್ನು ಹದಿನಾಲ್ಕು ಸಲ ಗೋಡೆಯಾಚೆಯಿಂದ ಕೇಳಿದ್ದಳು. ಅದಕ್ಕೂ ಮೊದಲು ಒಮ್ಮೆ ತನ್ನದೇ ಮದುವೆಯಲ್ಲಿ ಎದುರಿಗೇ ಕೇಳಿದ್ದಳು. ಆದರೆ ಅಂದು ತಲೆ ಬಗ್ಗಿಸಿ ಕೂತು ಅವಳು ನೋಡಿದ್ದು ತನ್ನ ಕಾಲಿನ ಹೆಬ್ಬೆರಳನ್ನು.

ಈಗ ಅಣ್ಣ ಪರಮಶಿವಯ್ಯನ ಮಗಳು ಪ್ರೇಮಕುಮಾರಿಯ ಮದುವೆ. ಗಂಡು ಚನ್ನರಾಯಪಟ್ಟಣದ ಬಸವರಾಜು. ಗಂಡಿನ ಕಡೆಯವರು ಚೆನ್ನಯ್ಯನ ಬ್ಯಾಂಡನ್ನೇ ಗೊತ್ತುಮಾಡಿದ್ದರು. ಬೆಳಗಿನ ಐದು ಗಂಟೆಗೆ ಉಗ್ರಾಣಕ್ಕೆ ಬೀಗ ಸಿಕ್ಕಿಸುತ್ತಾ ಗುರುಸಿದ್ದಮ್ಮ ಅತ್ತಿಗೆ ರೇವಮ್ಮನಿಗೆ ಹೇಳಿದಳು:

"ಅತ್ತಿಗೆ, ದಿಬ್ಬಣ ಬಂದಾಗ ನಾನು ಬೀದಿಗೆ ಓಯ್ತೀನಿ. ಬ್ಯಾಂಡು ನೋಡ್ಬೇಕು."

ರೇವಮ್ಮ ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಪಾರ್ವತಮ್ಮ ನಡುವೆ ಬಾಯಿ ಹಾಕಿದಳು. ಯಾರ ಮನೆಯ ಮಾತಾದರೂ ಅವಳ ಕಿವಿಯನ್ನು ದಾಟಿಯೇ ಮುಂದೆ ಹೋಗಬೇಕು.

"ಮದುಮಗ ಬರೋ ಒತ್ನಲ್ಲಿ ನೀನು ಎದುರಿಗೆ ನಿಂತ್ಕಂಡ್ರೆ ಏನ್ ಚಂದ್ವೇ ಸಿದ್ದಿ?"

"ಮದುಮಗನ ಎದುರಿಗೆ ಯಾಕೆ ನಿಂತ್ಕಳ್ಳಿ ಅಕ್ಕಾ. ಬ್ಯಾಂಡಿನ ಎದುರಿಗೆ ನಿಂತ್ಕತೀನಿ," ಎಂದು ಗುರುಸಿದ್ದಮ್ಮ ಬೆಲ್ಲದ ಪೆಂಟೆ ಬಿಚ್ಚಲು ಕೂತಳು.

ಅಲ್ಲಿಂದ ಶುರುವಾಯಿತು. ಕರ್ಪೂರ ಬೇಕು, ಕಾಯಿ ಬೇಕು, ಅಡಿಕೆ ಬೇಕು. ಅಡುಗೆಯ ರುದ್ರಯ್ಯ ತುಪ್ಪಕ್ಕೆಂದೇ ಏಳು ಸಲ ಬಂದ. ಕಿಲೋ ಬಂದು ಎರಡು ವರ್ಷವಾದರೂ ಅವನು ಸೇರಿನಲ್ಲೇ ಕೇಳುತ್ತಿದ್ದ, ಕೊಟ್ಟ ಮೇಲೆ ಕಡಿಮೆಯಾಯಿತು ಎನ್ನುತ್ತಿದ್ದ. ಒಯ್ಯುವವರ ಜೊತೆಗೆ ಇಡುವವರೂ ಬಂದರು. ಪಾರ್ವತಮ್ಮ ತನ್ನ ಹೊಸ ಚಪ್ಪಲಿಯನ್ನು ಅಕ್ಕಿಮೂಟೆಯ ಹಿಂದೆ ಬಚ್ಚಿಟ್ಟಳು. ರೇವಮ್ಮ ತಾಳಿಯ ಡಬ್ಬಿಯನ್ನು ತಂದು ಮೇಲಿನ ಹಲಗೆಯ ಮೇಲಿಟ್ಟು, ಬೇರೆ ಕಡೆ ನೋಡುತ್ತಾ, "ನೀನು ಮುಟ್ಟಬ್ಯಾಡ ಕಣಮ್ಮ," ಎಂದಳು. ಗಂಡ ಸತ್ತವಳು ತಾಳಿ ಮುಟ್ಟಬಾರದೆಂದು ಗುರುಸಿದ್ದಮ್ಮನಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಂಬತ್ತೂವರೆಗೆ ರುದ್ರಯ್ಯ ಬಾಳೆಲೆ ಮುಚ್ಚಿದ ದೊಡ್ಡ ಪಾತ್ರೆಯೊಂದನ್ನು ಹೊತ್ತು ತಂದು ಮೂಲೆಯಲ್ಲಿಟ್ಟ. ಏನೆಂದು ಕೇಳಿದ್ದಕ್ಕೆ, "ಇರ್ಲಿ ಕಣಕ್ಕ, ಆಮೇಕೆ ಬೇಕಾಯ್ತದೆ," ಎಂದು ಹೋದ.

ಹತ್ತು ಗಂಟೆಗೆ ಬೀದಿಯ ಕೊನೆಯಲ್ಲಿ ದೊಡ್ಡ ಡೋಲಿನ ಮೇಲೆ ಒಂದು ಪೆಟ್ಟು ಬಿತ್ತು.

ಗುರುಸಿದ್ದಮ್ಮ ಕೈಯಲ್ಲಿದ್ದ ದ್ರಾಕ್ಷಿಯನ್ನು ಹಾಗೇ ಬಿಟ್ಟು ಎದ್ದಳು. ಬೀಗ ಒತ್ತಿದಳು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು, ಹಿತ್ತಿಲ ಸಂದಿಯಿಂದ ಬೀದಿಗೆ ಬಂದಳು. ಜನ ಇಡ್ಲಿಹಿಟ್ಟಿನಂತೆ ಉಬ್ಬಿ ಬೀದಿಯ ಎರಡು ಅಂಚಿಗೂ ತಾಗಿದ್ದರು. ಸೈಕಲ್ಲಿನ ಹುಡುಗರು ಕಂಬ ಹತ್ತಿದ್ದರು. ಇವರ ನಡುವೆ ತೂರುವುದು ಹೇಗೆಂದು ಅವಳು ಯೋಚಿಸುತ್ತಿದ್ದಂತೆಯೇ ಒಬ್ಬಳು ತಿರುಗಿ ನೋಡಿ ಸೆರಗು ಸರಿಸಿಕೊಂಡಳು, ಇನ್ನೊಬ್ಬಳು ಮಗುವನ್ನು ಎಳೆದುಕೊಂಡಳು, ಮೂರನೆಯವರು ಎರಡು ಹೆಜ್ಜೆ ಹಿಂದೆ ಸರಿದರು. ಅಪಶಕುನಕ್ಕೆ ಜನ ಎಷ್ಟು ಬೇಗ ದಾರಿ ಬಿಡುತ್ತಾರೆಂದು ಗುರುಸಿದ್ದಮ್ಮನಿಗೆ ಗೊತ್ತಿರಲಿಲ್ಲ. ಅಮಲ್ದಾರರಿಗೂ ಸಿಗದ ಜಾಗ ಅವಳಿಗೆ ಸಿಕ್ಕಿತು. ಮುಂದಿನ ಸಾಲಿನಲ್ಲಿ, ನಟ್ಟನಡುವೆ, ಚೆನ್ನಯ್ಯನಿಂದ ನಾಲ್ಕು ಮಾರು ದೂರ. ಅವಳು ಅಲ್ಲಿ ಕಾಲೂರಿ ನಿಂತಳು.

ಒಂಬತ್ತು ಜನ, ಒಂಬತ್ತು ಕೆಂಪು ಕೋಟು, ಹಿತ್ತಾಳೆ ಗುಂಡಿ. ಚೆನ್ನಯ್ಯ ಅವಳು ಎಣಿಸಿದ್ದಕ್ಕಿಂತ ಸಣಕಲು. ಅಷ್ಟುದ್ದದ ಉಸಿರನ್ನು ಇವನು ಎಲ್ಲಿ ಇಟ್ಟುಕೊಳ್ಳುತ್ತಾನೋ ಎಂದು ಅವಳು ಅವನ ಎದೆಯನ್ನೇ ನೋಡಿದಳು. ಅವನು ಪೀಪಿಯನ್ನು ಒರೆಸಿದ, ಬಾಯಿಯ ಹತ್ತಿರ ತಂದ, ಮತ್ತೆ ಒರೆಸಿದ, ಕಂಕುಳಿಗೆ ಸಿಕ್ಕಿಸಿಕೊಂಡು ಸುಮ್ಮನೆ ನಿಂತ.

ಹತ್ತು ನಿಮಿಷವಾಯಿತು. ಬಾಡಿಗೆ ಕಾರಿನೊಳಗೆ ಮದುಮಗ ಬಾಸಿಂಗದ ಕೆಳಗೆ ಬೆವರುತ್ತಿದ್ದ. ಬ್ಯಾಂಡಿಲ್ಲದೆ ಕಾರಿನಿಂದ ಇಳಿಯುವುದಿಲ್ಲ ಎಂದು ಗಂಡಿನ ಕಡೆಯವರು, ಯಾಕೆ ಊದುತ್ತಿಲ್ಲ ಎಂದು ಹೆಣ್ಣಿನ ಕಡೆಯವರು. ಪರಮಶಿವಯ್ಯ ರುಮಾಲು ಸರಿಮಾಡಿಕೊಳ್ಳುತ್ತಾ ಬಂದು ಕೇಳಿದ.

"ಎಲೆ ಬೀಳ್ಲಿ ಸಾ," ಎಂದ ಚೆನ್ನಯ್ಯ. "ಎಲೆ ಮೊದ್ಲು, ಪೀಪಿ ಆಮೇಕೆ."

ಅದು ಅವನ ಕಟ್ಟುನಿಟ್ಟು. ಮೆರವಣಿಗೆ ಮುಗಿಯಲಿ, ಊಟ ಮುಗಿಯಲಿ ಎಂದು ಹಿಂದೆ ಯಾವುದೋ ಮದುವೆಯಲ್ಲಿ ಸಂಜೆಯವರೆಗೆ ಊದಿಸಿ, ಬರಿ ಮಜ್ಜಿಗೆ ಕೊಟ್ಟು ಕಳಿಸಿದ್ದರಂತೆ. ಅಂದಿನಿಂದ ಹೆಣ್ಣಿನ ಮನೆಯ ತಿಂಡಿ ಎಲೆಗೆ ಬೀಳದೆ ಅವನ ಬ್ಯಾಂಡು ಉಸಿರೆತ್ತುತ್ತಿರಲಿಲ್ಲ. ಪರಮಶಿವಯ್ಯ ಒಳಗೋಡಿದ, ಹೋದಷ್ಟೇ ವೇಗದಲ್ಲಿ ವಾಪಸು ಬಂದ. ತಿಂಡಿ ಇದೆ, ಆದರೆ ಅದನ್ನಿಟ್ಟ ಕೋಣೆಗೆ ಬೀಗ ಹಾಕಿದೆ, ಬೀಗ ಹಾಕಿದವರು ಸಿಗುತ್ತಿಲ್ಲ ಎಂದು ಗಂಡಿನ ತಂದೆಯ ಕೈ ಹಿಡಿದುಕೊಂಡು ಹೇಳಿದ.

ಆರು ವರ್ಷ ಕಾದಿದ್ದ ಗುರುಸಿದ್ದಮ್ಮನಿಗೆ ಈ ಹದಿನೈದು ನಿಮಿಷ ತಡೆಯಲಾಗಲಿಲ್ಲ. ಬೀದಿಯಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು.

"ಬೀಗ ಒಡ್ದಾಕಿ. ಯಾರೋ ಒಬ್ರ ಬ್ಯಾಜವಾಬ್ದಾರಿಗೆ ಇಷ್ಟು ಜನ ಕಾಯ್ಬೇಕಾ?"

ಸರಿಯಾದ ಮಾತು ಎಂದು ಹತ್ತಾರು ಜನ ತಲೆದೂಗಿದರು. ಕಂಬದ ಮೇಲಿದ್ದ ಹುಡುಗರು ಶಿಳ್ಳೆ ಹೊಡೆದರು. ಪರಮಶಿವಯ್ಯ ಮಾತ್ರ ನಿಧಾನವಾಗಿ ತಿರುಗಿದ. ತಂಗಿಯ ಮುಖ ನೋಡಿದ, ಆಮೇಲೆ ಸೊಂಟ ನೋಡಿದ. ಅವನ ಕಣ್ಣು ಹೋದ ಕಡೆಗೇ ಗುರುಸಿದ್ದಮ್ಮನ ಕೈ ಹೋಯಿತು. ಬಾಳೆಲೆ ಮುಚ್ಚಿದ ಪಾತ್ರೆ ಅವಳಿಗೆ ಆಗ ನೆನಪಾಯಿತು.

ಶಿಳ್ಳೆ ನಿಂತಿತು.

"ತಗಾ ಅಣ್ಣ," ಎಂದು ಅವಳು ಕೀಲಿಯನ್ನು ಚಾಚಿದಳು. "ನಾನು ಈ ಜಾಗ ಬುಟ್ಟು ಬರಾಕಿಲ್ಲ."

ಪರಮಶಿವಯ್ಯ ಕೀಲಿ ಹಿಡಿದು ಓಡಿದ. ಅವಳು ನೆಟ್ಟ ಕಲ್ಲಿನಂತೆ ನಿಂತಿದ್ದಳು. ಐದು ನಿಮಿಷಕ್ಕೆ ಅವನು ಹೆಬ್ಬೆರಳು ಚೀಪುತ್ತಾ ಬಂದು, ಬೀಗ ತಿರುಗುತ್ತಿಲ್ಲ, ಹಾರೆಯೇ ಬಗ್ಗಿತು ಎಂದ. ಗುರುಸಿದ್ದಮ್ಮ ನಿಂತ ನೆಲವನ್ನು ಒಮ್ಮೆ ನೋಡಿದಳು, ಹಿಂದೆ ಒತ್ತುತ್ತಿದ್ದ ಜನರನ್ನು ಒಮ್ಮೆ ನೋಡಿದಳು.

"ಓಗ್ಬುಟ್ಟು ಬಾರವ್ವ," ಎಂದ ಚೆನ್ನಯ್ಯ. "ನಿನ್ ಜಾಗ ನಾನು ಕಾಯ್ತೀನಿ."

ಅವಳು ಹೋದಳು, ವರಸೆ ಹಾಕಿದಳು, ಬೀಗ ಬೆಣ್ಣೆಯಂತೆ ಬಿಟ್ಟುಕೊಂಡಿತು. ಬೀಗವನ್ನೂ ಕೀಲಿಯನ್ನೂ ಬಾಗಿಲ ಚಿಲಕಕ್ಕೇ ತಗುಲಿಸಿ ಒಳಗೆ ನುಗ್ಗಿ ಉಪ್ಪಿಟ್ಟಿನ ಪಾತ್ರೆಯನ್ನು ರುದ್ರಯ್ಯನ ತಲೆಯ ಮೇಲೆ ಹೊರಿಸಿದಳು. ಹೊಸ್ತಿಲಾಚೆ ನಿಂತು ಅವನು ಎಲೆ ಕೇಳಿದ, ಎಲೆ ಕೊಟ್ಟಳು. ದೊನ್ನೆ ಬೇಕೆಂದ. ದೊನ್ನೆಗೆಂದು ಅವಳು ಮೂಲೆಗೆ ಬಗ್ಗಿದಾಗ ಹಿಂದೆ ಬಾಗಿಲು ಮುಚ್ಚಿತು. ಬೀಗ ಕೂತ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬೇಜಾರು ಮಾಡ್ಕಬ್ಯಾಡ ಸಿದ್ದಿ," ಎಂದಿತು ಬಾಗಿಲಾಚೆಯಿಂದ ಪಾರ್ವತಮ್ಮನ ದನಿ. "ಎಲ್ಲಾ ಆ ಮಗೀನ ಒಳ್ಳೇದಕ್ಕೆ."

ಗುರುಸಿದ್ದಮ್ಮ ಬಾಗಿಲು ಬಡಿದಳು. ಬೀದಿಯಲ್ಲಿ ಎಲೆ ಬಿತ್ತು, ಉಪ್ಪಿಟ್ಟು ಬಿತ್ತು, ಡೋಲು ಎದ್ದಿತು, ಪೀಪಿ ಎದ್ದಿತು. ಆ ಸದ್ದಿನಲ್ಲಿ ಅವಳ ಬಡಿತವನ್ನು ಜನ ಬ್ಯಾಂಡಿನದೇ ಎಂದುಕೊಂಡಿರಬೇಕು. ಕೊನೆಗೆ ಆ ಸ್ವರ ಬಂತು. ಹದಿನೈದನೆಯ ಸಲ, ಗೋಡೆಯಾಚೆಯಿಂದ. ಅವಳು ಎಣಿಸಿದಳು. ನಲವತ್ತಾರು. ಇದುವರೆಗೆ ಇಷ್ಟು ದೂರ ಹೋದದ್ದೇ ಇಲ್ಲ.

ಬ್ಯಾಂಡು ನಿಂತಿತು. ಮದುಮಗ ಇಳಿದ, ಮಂಟಪ ಸೇರಿದ. ಅಯ್ನೋರು ತಾಳಿ ಕೇಳಿದರು. ರೇವಮ್ಮ ಉಗ್ರಾಣದ ಬಾಗಿಲಿಗೆ ಬಂದಳು, ಪಾರ್ವತಮ್ಮನ ಕೈಯಿಂದ ಕೀಲಿ ಕಿತ್ತುಕೊಂಡಳು, ತಿರುಗಿಸಿದಳು. ಪರಮಶಿವಯ್ಯ ತಿರುಗಿಸಿದ. ಗಂಡಿನ ಕಡೆಯ ಇಬ್ಬರು ಪೈಲ್ವಾನರು ತಿರುಗಿಸಿದರು. ವರಸೆ ಬಲ್ಲ ಒಬ್ಬಳೇ ಒಬ್ಬಳು ಒಳಗೆ ಅಕ್ಕಿಮೂಟೆಯ ಮೇಲೆ ಕೂತಿದ್ದಳು. ತಾಳಿಯನ್ನು ಹಿತ್ತಿಲ ಕಿಟಕಿಯ ಸರಳಿನ ಸಂದಿಯಿಂದ ಕೊಡಬಹುದಿತ್ತು. ಆದರೆ ಕೊಡಬೇಕಾದರೆ ಅವಳು ಮುಟ್ಟಬೇಕು. ಅದನ್ನು ಕೇಳಲು ಯಾರಿಗೂ ಬಾಯಿ ಬರಲಿಲ್ಲ.

"ವರಸೆ ಏಳ್ಬುಡು ಸಿದ್ದಮ್ಮ," ಎಂದು ರೇವಮ್ಮ ಅಂಗಲಾಚಿದಳು. "ಅನ್ನೆರಡಕ್ಕೆ ಮುಹೂರ್ತ ಮುಗೀತದೆ."

"ಏಳ್ತೀನಿ ಅತ್ತಿಗೆ. ಚೆನ್ನಯ್ಯ ಮೇಷ್ಟ್ರು ಇತ್ತಿಲಿಗೆ ಬಂದು ಈ ಕಿಟಕಿ ಮುಂದೆ ಊದ್ಲಿ. ನಾನು ನೋಡ್ಬೇಕು. ನೋಡಿದ್ ಮೇಲೆ ಏಳ್ತೀನಿ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮಂಟಪದ ಕಡೆಯಿಂದ ಪ್ರೇಮಕುಮಾರಿಯ ದನಿ ಬಂತು. ಮದುಮಗಳು ಮಾತಾಡಬಾರದು, ಆದರೂ ಆಡಿದಳು. "ಊದ್ಸಪ್ಪ. ಅತ್ತೆ ಕೇಳಿರೋದು ಅದೊಂದೇ."

ಚೆನ್ನಯ್ಯ ಹಿತ್ತಿಲಿಗೆ ಬಂದ. ಹಿಂದೆ ಊರೇ ಬಂತು. "ನಿನ್ ಜಾಗದಾಗೆ ಒಂದು ನರಪಿಳ್ಳೇನೂ ನಿಲ್ಲಕ್ಕೆ ಬುಡ್ಲಿಲ್ಲ ಕಣವ್ವ," ಎಂದ. "ಆ ಖಾಲಿ ಜಾಗ ನೋಡ್ಕಂಡೇ ಊದ್ದೆ."

ಕಿಟಕಿ ಎತ್ತರದಲ್ಲಿತ್ತು. ಗುರುಸಿದ್ದಮ್ಮ ಮೂಟೆಯ ಮೇಲೆ ಬೆಲ್ಲದ ಪೆಂಟೆ, ಪೆಂಟೆಯ ಮೇಲೆ ಪಾರ್ವತಮ್ಮನ ಹೊಸ ಚಪ್ಪಲಿ ಇಟ್ಟು ಹತ್ತಿದಳು. ಸರಳು ಹಿಡಿದು ಕಣ್ಣು ಮೇಲೆ ತಂದಳು. ಹಾಡು ಶುರುವಾಯಿತು, ಏರಿತು, ಕೊನೆಯ ಸ್ವರಕ್ಕೆ ಬಂದು ನಿಂತಿತು. ಅವಳಿಗೆ ಎದುರಿಗೇ ಎಲ್ಲ ಸ್ಪಷ್ಟವಾಗಿ ಕಂಡಿತು: ಕೆಂಪು ಕೋಟಿನ ಬೆನ್ನು, ನಡುವೆ ಬಿಟ್ಟುಹೋದ ಹೊಲಿಗೆ, ಅದಕ್ಕೆ ಬಿಳಿ ದಾರದ ತೇಪೆ.

ಹಿತ್ತಿಲಲ್ಲಿ ಮನೆಯ ಹೆಂಗಸರಿರುವ ಕಡೆಗೆ ಗಂಡಸು ಮುಖ ಮಾಡಿ ನಿಲ್ಲಬಾರದೆಂದು ಚೆನ್ನಯ್ಯನಿಗೆ ಅವನಪ್ಪ ಕಲಿಸಿದ್ದ. ಅವನು ಮರ್ಯಾದಸ್ಥ.

ಬೇಲಿಯ ಕಡೆ ನಿಂತವರೆಲ್ಲ ಅವನ ಮುಖ ನೋಡಿದರು. ಪಾರ್ವತಮ್ಮ ಎಲ್ಲರಿಗಿಂತ ಮುಂದಿದ್ದಳು, ಅವಳ ಬಾಯಿ ತೆರೆದಿತ್ತು.

"ಆಯ್ತಲ್ಲ, ಈಗ ವರಸೆ ಏಳು," ಎಂದ ಪರಮಶಿವಯ್ಯ.

"ನಾನು ನೋಡ್ಲಿಲ್ಲ ಅಣ್ಣ. ಮೇಷ್ಟ್ರು ಈ ಕಡೆ ತಿರುಗಿ ಇನ್ನೊಂದ್ಸಲ ಊದ್ಲಿ."

ಚೆನ್ನಯ್ಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಿದ್ದ. "ತಿರುಗ್ತೀನಿ ಕಣವ್ವ, ಅದಕ್ಕೇನು. ಆದ್ರೆ ತಿಂದಿದ್ದೆಲ್ಲ ಕರಗೋಯ್ತು. ಇನ್ನೊಂದ್ಸಲ ಅಂದ್ರೆ ಇನ್ನೊಂದು ಎಲೆ ಬೀಳ್ಬೇಕು."

ರುದ್ರಯ್ಯ ಪಾತ್ರೆ ಬಗ್ಗಿಸಿ ತೋರಿಸಿದ. ತಳದಲ್ಲಿ ಒಂದು ಕರಿಬೇವಿನ ಎಲೆ ಇತ್ತು. ಉಪ್ಪಿಟ್ಟು ಮಾಡಬೇಕಾದರೆ ರವೆ ಬೇಕು, ತುಪ್ಪ ಬೇಕು, ಮೆಣಸಿನಕಾಯಿ ಬೇಕು. ಎಲ್ಲವೂ ಉಗ್ರಾಣದಲ್ಲಿದ್ದವು. ಜನ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಕಿಟಕಿಯ ಕಡೆ ನೋಡಿದರು.

ಕಿಟಕಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಸರಳಿನ ಸಂದಿಯಿಂದ ಒಂದು ಕೈ ಹೊರಗೆ ಬಂತು. ಕೈಯಲ್ಲಿ ರವೆ ತುಂಬಿದ ದೊನ್ನೆ ಇತ್ತು.

"ರುದ್ರಯ್ಯ, ಒಲೆ ಅಚ್ಚು," ಎಂದಳು ಗುರುಸಿದ್ದಮ್ಮ. "ಸೇರಿನ ಲೆಕ್ಕಾನೇ ಏಳು. ಎಷ್ಟು ಕೊಡ್ಲಿ?"