ಒಣ ನೆಲದ ಮೇಲೆ ಜಾರಿದ ಕಂಬ

ಜಾರಿದವನು ಕಂಬ, ಬೈಸಿಕೊಂಡವನು ಒರೆಸಣ್ಣ. ಯಾವ ಸೀಮೆಯ ನ್ಯಾಯ ರೀ ಇದು?

ಕಂಬ ಅಂದರೆ ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ದೊಡ್ಡ ತಾರೆ. ಬಾಗಿಲುಗಳಿಗೆ ಬಿಟ್ಟರೆ ಇನ್ನಾರಿಗೂ ತಲೆ ಬಗ್ಗಿಸಿದ ಆಸಾಮಿಯಲ್ಲ. ಒರೆಸಣ್ಣ ಅಂದರೆ ಅದೇ ಅಂಕಣದಲ್ಲಿ ಆಟಗಾರರ ಬೆವರು ಬಿದ್ದಲ್ಲೆಲ್ಲ ಓಡಿಹೋಗಿ ನೆಲ ಒರೆಸುವವನು. ನಿನ್ನೆಯ ಪಂದ್ಯದಲ್ಲಿ ಎದುರಾಳಿಯ ಕೈ ತಾಕುವ ಮೊದಲೇ ಕಂಬ ‘ಅಯ್ಯಯ್ಯೋ’ ಎಂದು ಉರುಳಿದ, ಪುಕ್ಕಟೆ ಫೌಲ್ ಸಿಗಲಿ ಅಂತ. ರೆಫರಿ ಸೀಟಿ ಊದಲಿಲ್ಲ. ಮಾನ ಉಳಿಸಿಕೊಳ್ಳಬೇಕಲ್ಲ, ಕೂತಲ್ಲೇ ನೆಲ ಸವರಿ, ಒದ್ದೆಯಿದೆ ಎಂಬಂತೆ ಒರೆಸಣ್ಣನ ಕಡೆ ಬೆರಳು ತೋರಿಸಿಬಿಟ್ಟ ಪುಣ್ಯಾತ್ಮ! ತಂಡ ಸೋತಿತು. ಬೆಳಗಾಗುವಷ್ಟರಲ್ಲಿ ಆ ಬೆರಳಿನ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು.

ಪಾಪ, ಒರೆಸಣ್ಣ ವಿಡಿಯೊ ಸುದ್ದಿ ಗೊತ್ತಿಲ್ಲದೆ ಕ್ಷೌರದಂಗಡಿಗೆ ಹೋಗಿ ಕೂತ. ಒಂದು ಕೆನ್ನೆ ಮುಗಿಸಿದ ಕ್ಷೌರಿಕ ಕನ್ನಡಿಯಲ್ಲಿ ಅವನ ಮುಖ ನೋಡಿದ, ಫೋನ್ ನೋಡಿದ, ಕತ್ತಿ ಕೆಳಗಿಟ್ಟ.

“ನಾನು ಕಂಬಣ್ಣನ ಅಭಿಮಾನಿ. ಇನ್ನೊಂದು ಕೆನ್ನೆ ಬೇರೆ ಕಡೆ ನೋಡ್ಕೊಳ್ಳಿ.”

“ನೆಲ ಒಣಗಿತ್ತು ಕಣ್ರೀ! ಅವನು ನಾಟಕ ಆಡಿದ!”

“ಅಷ್ಟು ದೊಡ್ಡ ಮನುಷ್ಯರು ಸುಳ್ಳು ಹೇಳ್ತಾರಾ? ಏಳಿ, ಏಳಿ.”

ಅರ್ಧ ಗಡ್ಡದಲ್ಲಿ ಮನೆಗೆ ಬಂದರೆ, ಹೆಂಡತಿಯ ತಮ್ಮ ಕಂಬನ ಚಿತ್ರದ ಬನಿಯನ್ ತೊಟ್ಟು ಇವನ ಪಾಲಿನ ತಿಂಡಿ ಮುಗಿಸುತ್ತಿದ್ದ.

“ಭಾವಾ, ತಪ್ಪಾಯ್ತು ಅಂತ ಒಂದು ಮಾತು ಹೇಳ್ಬಿಡಿ. ಸ್ನೇಹಿತರಿಗೆ ಮುಖ ತೋರಿಸೋಕಾಗ್ತಿಲ್ಲ ನಂಗೆ.”

“ನನ್ನ ಮನೆ ತಿಂಡಿ ತಿಂದು ಅವನ ಪರ ಮಾತಾಡ್ತೀಯೇನೋ?”

“ಅವನ ಮೇಲ್ಯಾಕೆ ರೇಗ್ತೀರಿ?” ಅಂದಳು ಹೆಂಡತಿ. “ನಿಮ್ಮ ಮ್ಯಾನೇಜರ್ ಫೋನ್ ಮಾಡಿದ್ರು. ಕಂಬ ಬಾಯಿ ಬಿಟ್ಟು ಸರಿ ಅಂದ್ರೆ ಸರಿಯಂತೆ. ಇಲ್ಲಾಂದ್ರೆ ನಾಳೆಯಿಂದ ನೀವು ಕೆಲಸಕ್ಕೆ ಹೋಗೋ ಹಾಗಿಲ್ಲ.”

ಒರೆಸಣ್ಣ ಚಪ್ಪಲಿ ಮೆಟ್ಟಿದವನೇ ಸೀದಾ ಕ್ರೀಡಾಂಗಣಕ್ಕೆ ನಡೆದ. ಕಂಬ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬನೇ ಇದ್ದ.

“ನೆಲ ಒಣಗಿತ್ತು. ನಿಮಗೂ ಗೊತ್ತು, ನಂಗೂ ಗೊತ್ತು. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ ಸ್ವಾಮಿ?”

ಕಂಬ ಎದ್ದು ಬಂದು ಅವನ ಕೈ ಹಿಡಿದುಕೊಂಡ. “ನಿಜ ಅಣ್ಣಾ, ತಪ್ಪು ನಂದೇ. ನಿಮ್ಮ ಕೆಲಸ ಹೋಗೋಕೆ ಬಿಡಲ್ಲ. ಬನ್ನಿ, ಎಲ್ಲರೆದುರೇ ಸರಿ ಮಾಡ್ತೀನಿ.”

ಒರೆಸಣ್ಣನ ಕಣ್ಣು ತುಂಬಿತು. ಛೆ, ಇಂಥ ಒಳ್ಳೆಯವನನ್ನು ಬೈದುಕೊಂಡೆನಲ್ಲ!

ಹೊರಗೆ ಕ್ಯಾಮೆರಾ ಹಿಡಿದವರು, ಅಭಿಮಾನಿಗಳು, ಮ್ಯಾನೇಜರ್ ಎಲ್ಲರೂ ಇದ್ದರು. ಕಂಬ ಒರೆಸಣ್ಣನನ್ನು ಬಾಚಿ ತಬ್ಬಿಕೊಂಡ.

“ಇವರು ಬಡವರು. ಏನೋ ಆಯ್ತು, ಸರಿಯಾಗಿ ಒರೆಸಲಿಲ್ಲ. ನಾನಂತೂ ಮನಸಾರೆ ಕ್ಷಮಿಸಿದ್ದೀನಿ!”

ಒರೆಸಣ್ಣ ‘ಸುಳ್ಳು’ ಎಂದು ಕಿರುಚಿದ. ಆದರೆ ಮುಖ ಕಂಬನ ಹೊಟ್ಟೆಗೆ ಒತ್ತಿಕೊಂಡಿತ್ತು, ಜನಕ್ಕೆ ಬಿಕ್ಕಳಿಸಿ ಅತ್ತಂತೆ ಕೇಳಿಸಿತು. ಅಭಿಮಾನಿಗಳೂ ಅತ್ತರು. “ಎಂಥ ದೊಡ್ಡ ಮನಸ್ಸು!” ಎಂದು ಚಪ್ಪಾಳೆ ತಟ್ಟಿದರು.

ಅವರೆಲ್ಲ ಹೋದ ಮೇಲೆ ಮ್ಯಾನೇಜರ್ ಬೆನ್ನು ತಟ್ಟಿದರು. “ನಿನ್ನ ಕೆಲಸ ಗಟ್ಟಿ ಕಣಯ್ಯಾ! ಈ ಕ್ಷಮೆ ಜನಕ್ಕೆ ಬಹಳ ಹಿಡಿಸಿದೆ. ಇನ್ಮೇಲೆ ಪ್ರತಿ ಪಂದ್ಯದಲ್ಲೂ ಅವರು ಒಂದ್ಸಲ ಜಾರ್ತಾರೆ, ನಿನ್ನನ್ನ ತಬ್ಕೊಂಡು ಕ್ಷಮಿಸ್ತಾರೆ.”

“ಒಣಗಿದ ನೆಲದಲ್ಲಿ ಅದೆಷ್ಟು ಸಲ ಜಾರ್ತಾರೆ ಸಾರ್?” ಒರೆಸಣ್ಣನಿಗೆ ಮೈಯೆಲ್ಲ ಉರಿಯಿತು. “ಜನ ಅವರನ್ನ ಸುಳ್ಳುಗಾರ ಅನ್ನಲ್ವಾ?”

“ಅದಕ್ಕೇ ಅಲ್ವೇನಯ್ಯಾ,” ಎಂದು ಮ್ಯಾನೇಜರ್ ಅವನ ಕೈಗೆ ತುಂಬಿದ ಬಕೆಟ್ಟು ಕೊಟ್ಟರು. “ನೆಲ ಒರೆಸಿದ ಮೇಲೆ ಅಲ್ಲೊಂದು ಚೊಂಬು ನೀರು ನೀನೇ ಚೆಲ್ಲಿಬಿಡು.”