ಪ್ಲೈವುಡ್ ವಿಮಾನಕ್ಕೆ ಕೆಂಪು ರಿಬ್ಬನ್

ನನ್ನ ಮಗಳು ಆಡಿದ ಮೊದಲ ಮಾತು 'ಅಮ್ಮ' ಅಲ್ಲ. 'ಅಪ್ಪ'ನೂ ಅಲ್ಲ (ಅಷ್ಟರ ಮಟ್ಟಿಗೆ ಸಮಾಧಾನ). ಅವಳ ಮೊದಲ ಮಾತು 'ಚುಳ್ಳು'. ಅಂದರೆ ಸುಳ್ಳು.

ಈ ಚಿಂತೆ ನನ್ನನ್ನು ಬಿಡುತ್ತಲೇ ಇಲ್ಲ. ಮಿಕ್ಕವರ ಮಕ್ಕಳು 'ತಾತ', 'ಹಾಲು', 'ಬೌಬೌ' ಎಂದು ಮಾತನ್ನು ಮಂಗಳಕರವಾಗಿ ಶುರುವಿಟ್ಟುಕೊಳ್ಳುತ್ತವೆ. ನನ್ನ ಕೂಸು ಮಾತ್ರ ಹೈಕೋರ್ಟಿನ ನ್ಯಾಯಾಧೀಶರ ಹಾಗೆ ನೇರ ತೀರ್ಪಿಗೇ ಇಳಿದಿದೆ. "ಅಮ್ಮ ಎಲ್ಲೂ ಹೋಗಲ್ಲ, ಮಲ್ಕೋ ಬಂಗಾರಿ" ಅಂದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ "ಚುಳ್ಳು" ಅನ್ನುತ್ತಾಳೆ. "ಔಷಧಿ ಸಿಹಿ ಕಣೇ" ಅಂದರೆ "ಚುಳ್ಳು". ಮೊನ್ನೆ ಎದುರು ಮನೆಯಾಕೆಗೆ "ನಿಮ್ಮ ಹೊಸ ಹೇರ್‌ಕಟ್ ಎಷ್ಟು ಚೆನ್ನಾಗಿದೆ!" ಎಂದೆ. ಸೊಂಟದ ಮೇಲಿದ್ದವಳು ಗಟ್ಟಿಯಾಗಿ ತೀರ್ಪು ಕೊಟ್ಟಳು. ಅಂದಿನಿಂದ ಎದುರು ಮನೆಯ ಕಿಟಕಿ ನಮ್ಮ ಕಡೆಗೆ ತೆರೆಯುವುದಿಲ್ಲ.

ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರಿದೆಯಾ ಅಂತ ನೋಡುವ ಜಾತಿ ನನ್ನದು. ಅದಕ್ಕೇ ಮಗು ಎಚ್ಚರವಾಗುವುದು, ಅದು ಬೇರೆ ವಿಷಯ. ಡಾಕ್ಟರ ಹತ್ತಿರ ಓಡಿದೆ. "ಮಗು ಚೆನ್ನಾಗಿದೆ. ಆದರೆ ಮಧ್ಯಾಹ್ನದ ನಿದ್ದೆ ಸಾಲದು" ಅಂದರು. ಆಮೇಲೆ ನನ್ನ ಮುಖ ನೋಡಿ, "ಇಬ್ಬರಿಗೂ" ಎಂದು ಸೇರಿಸಿದರು.

ಈ ಮಾತು ಎಲ್ಲಿಂದ ಬಂತು ಎಂದು ಹುಡುಕಲು ಪತ್ತೇದಾರರು ಬೇಕಿಲ್ಲ. ಅದರ ಕಾರ್ಖಾನೆ ನಮ್ಮ ಹಾಲ್‌ನಲ್ಲೇ ಇದೆ.

ನಮ್ಮ ಮಾವನವರು ವಾಯುಪಡೆಯಿಂದ ನಿವೃತ್ತರಾದವರು. ವಿಮಾನ ಹಾರಿಸುತ್ತಿದ್ದವರಲ್ಲ, ರಿಪೇರಿ ಮಾಡಿ ಹಾರಲು ಬಿಡುತ್ತಿದ್ದವರು. ('ಬಿಡ್ತಿದ್ದೋರು' ಅನ್ನುವಾಗ ಎದೆ ಒಂದು ಗೇಣು ಮುಂದೆ ಬರುತ್ತದೆ.) ಅವರಿಗೆ ಅದೇ ಪಡೆಯ ಇಬ್ಬರು ಗೆಳೆಯರು. ಒಬ್ಬರು ರೇಡಿಯೋ ತಾತ. ವಿಮಾನದೊಳಗಿನ ರೇಡಿಯೋ ಎಲ್ಲರಿಗೂ ಕೇಳಿಸುವಂತೆ ಮಾಡಿದವರು, ಎಂಜಿನ್ನಿನ ಪಕ್ಕ ದುಡಿದೂ ದುಡಿದೂ ಈಗ ತಮಗೇ ಏನೂ ಕೇಳಿಸದು. ಇನ್ನೊಬ್ಬರು ಚಕ್ರಗಳನ್ನು ನೋಡಿಕೊಳ್ಳುತ್ತಿದ್ದ ಟೈರ್ ತಾತ. ಭಾನುವಾರ ಮಧ್ಯಾಹ್ನ, ಮಗಳು ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ, ಮೂವರೂ ಸೋಫಾದಲ್ಲಿ ಸಾಲಾಗಿ ಕೂತು ಯುದ್ಧದ ಸಿನಿಮಾ ಹಾಕುತ್ತಾರೆ. ರೇಡಿಯೋ ತಾತನಿಗೆ ಕೇಳಿಸುವಷ್ಟು ಜೋರಾಗಿ. ಅಂದರೆ ಇಡೀ ಬೀದಿಗೆ.

ಹೋಗಲಿ, ನೋಡಿ ಆನಂದಪಡುತ್ತಾರಾ? ಬೈಯಲಿಕ್ಕೇ ನೋಡುವುದು.

"ಸುಳ್ಳು! ಆ ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಈ ವಿಮಾನ ಬಂದಿದ್ದು!" ಮಾವ.

"ಸುಳ್ಳು! ನೆಲ ಮುಟ್ಟಿದಾಗ ಟೈರಿಂದ ಹೊಗೆ ಎಲ್ಲಿ? ಬೆಣ್ಣೆ ಮೇಲೆ ಇಳಿದನಾ ಇವನು?" ಟೈರ್ ತಾತ.

"ಈ ಪೈಲಟ್ ರೇಡಿಯೋದಲ್ಲಿ ಇಷ್ಟುದ್ದ ಏನಯ್ಯ ಮಾತಾಡ್ತಿದಾನೆ?" ರೇಡಿಯೋ ತಾತ.

"ತಾಯಿಗೆ ಸಂದೇಶ ಕೊಡ್ತಿದಾನೆ."

"ಏನು ಸಂದೇಹ?"

"ಸಂದೇಶ! ಸಂದೇಶ!"

"ಅಷ್ಟು ಹೊತ್ತಿಗೆ ಶತ್ರು ಇವನನ್ನ ಉರುಳಿಸಿ ಮನೆಗೆ ಹೋಗಿ ಊಟ ಮಾಡಿ ಮಲಗಿರ್ತಾನೆ. ಸುಳ್ಳು!"

ಮೂರು ಸಿಡಿಲು ಬಡಿದಂತೆ ಮೂರು ಸುಳ್ಳು. ಒಳಕೋಣೆಯಿಂದ ನಾಲ್ಕನೆಯದು: "ಚುಳ್ಳು!" ನಿದ್ದೆ ಅಲ್ಲಿಗೆ ಮುಗಿಯಿತು.

ಮಾವನವರ ದೊಡ್ಡ ದೂರು ಮಾತ್ರ ಬೇರೆ. ನಿಂತ ವಿಮಾನದ ಚಕ್ರ ತಾನಾಗಿ ಮಡಚಿಕೊಳ್ಳಬಾರದು, ಆಪತ್ತಿನಲ್ಲಿ ಪೈಲಟ್‌ನನ್ನು ಹೊರಗೆಸೆಯುವ ಸೀಟು ಸುಮ್ಮಸುಮ್ಮನೆ ಸಿಡಿಯಬಾರದು ಎಂದು ಅಲ್ಲಲ್ಲಿ ಪಿನ್ನು ಚುಚ್ಚಿರುತ್ತಾರಂತೆ, ಒಂದೊಂದಕ್ಕೂ ಕೆಂಪು ರಿಬ್ಬನ್. ಹಾರುವ ಮುಂಚೆ ಕೆಳಗಿನವನು ಎಲ್ಲ ಕಿತ್ತು, ಕೈ ಮೇಲೆತ್ತಿ ಪೈಲಟ್‌ಗೆ ತೋರಿಸಬೇಕು. ಪೈಲಟ್ ಎಣಿಸಿ ತಲೆಯಾಡಿಸಿದ ಮೇಲೇ ವಿಮಾನ ಕದಲುವುದು. ಆ ಕೈ ಎತ್ತುತ್ತಿದ್ದವರು ನಮ್ಮ ಮಾವ.

"ಇಷ್ಟು ಸಿನಿಮಾ ನೋಡಿದೀನಲ್ಲಮ್ಮ, ಒಂದರಲ್ಲಾದ್ರೂ ಪಿನ್ನಿನವನು ಇದಾನಾ? ಹೀರೋ ಓಡಿ ಬರ್ತಾನೆ, ಹಾರಿ ಕೂರ್ತಾನೆ, ಹೊರಟೇಬಿಡ್ತಾನೆ. ಸ್ಕೂಟರ್ರಾ ಅದು? ವಿಮಾನ ವಾಪಸ್ ಬರೋ ತನಕ ಆ ಪಿನ್ನು ನಮ್ಮ ಕೈಲಿರುತ್ತೆ. ಬಂದ ಮೇಲೆ ಮತ್ತೆ ಚುಚ್ತೀವಿ. ಬರದೇ ಹೋದ್ರೆ..."

ಅಷ್ಟಕ್ಕೆ ನಿಲ್ಲಿಸಿ ಕನ್ನಡಕ ಒರೆಸತೊಡಗಿದರು. ನಾನು ಆಗ ಏನು ಮಾಡುತ್ತಿದ್ದೆ ಗೊತ್ತೇ? ಹಾಲಿನ ಬಾಟಲಿ ಅಲ್ಲಾಡಿಸುತ್ತ, ಈ ಮಾತು ಮುಗಿದರೆ ಸಾಕಪ್ಪ ಎಂದುಕೊಳ್ಳುತ್ತಿದ್ದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇಂಥ ಹೊತ್ತಲ್ಲೇ ನನ್ನ ಶಾಲೆಯ ಗೆಳತಿ ಮಗು ನೋಡಲು ಬಂದಳು. ಅವಳು ಸಿನಿಮಾದಲ್ಲಿ ಸಹಾಯಕ ನಿರ್ದೇಶಕಿ. ಈಗ ಯುದ್ಧದ ಚಿತ್ರವೊಂದರ ಕೆಲಸ, ಪ್ರತಿ ಭಾನುವಾರವೂ ಶೂಟಿಂಗ್.

"ಮಾಜಿ ಸೈನಿಕರ ಸಲಹೆ ತಗೊಂಡಿದೀವಿ ಅಂತ ಪೋಸ್ಟರಲ್ಲಿ ಹಾಕಬೇಕಂತೆ ಕಣೇ. ಎಲ್ಲಿಂದ ತರಲಿ?"

ನನ್ನ ತಲೆಯೊಳಗೆ ದೀಪ ಹತ್ತಿತು. (ನನ್ನ ತಲೆಯೊಳಗೆ ದೀಪ ಹತ್ತಿದಾಗಲೆಲ್ಲ ಮನೆಯಲ್ಲಿ ಫ್ಯೂಸ್ ಹೋಗುತ್ತದೆ ಎನ್ನುವುದು ನನ್ನ ಗಂಡನ ಸಂಶೋಧನೆ.)

"ಮೂರು ಜನ ಇದಾರೆ, ಹೊತ್ತುಕೊಂಡು ಹೋಗು! ಅವರು ಏನಂದ್ರೂ ಸುಮ್ಮನೆ ತಲೆ ಆಡಿಸು, ಟೀ ಕೊಡು. ಯಾವುದನ್ನೂ ತಲೆಗೆ ಹಚ್ಕೋಬೇಡ. ಸಂಜೆ ತನಕ ಇಟ್ಟುಕೋ ಸಾಕು. ನನ್ನ ಮಗು ಮಲಗಬೇಕು."

ಹೀಗೆ ಆ ತ್ರಿಮೂರ್ತಿಗಳು ಚಿತ್ರರಂಗ ಪ್ರವೇಶಿಸಿದರು. ಮನೆ ನಿಶ್ಶಬ್ದವಾಯಿತು. ಮಗಳು ಮಲಗಿದಳು, ನಾನೂ ಮಲಗಿದೆ. ಸಂಜೆ ಮಾವ ಹೊಳೆಯುತ್ತ ಬಂದರು.

"ಎಂಥಾ ಒಳ್ಳೇ ಹುಡುಗಿ ಅಮ್ಮ ನಿನ್ನ ಫ್ರೆಂಡು! ನಾನು ಹೇಳೋದೆಲ್ಲಾ ಕೇಳ್ತಾಳೆ. ಪಿನ್ನಿನ ವಿಷಯ ಹೇಳಿದೆ, ತಲೆ ಆಡಿಸಿದಳು! ನಮ್ಮ ಕೈಗೆ ಸ್ಕ್ರೂಡ್ರೈವರ್ರು, ತಂತಿ ಕೊಟ್ಟು, ವಿಮಾನ ಸರಿ ಮಾಡಿ ಅಂದ್ಲು!"

ವಿಮಾನ ಪ್ಲೈವುಡ್ಡಿನದು. ತಂತಿ ಕೊಟ್ಟಿದ್ದು ಇವರ ಕೈಗೆ ಕೆಲಸವಿರಲಿ ಎಂದು. ನನಗೆ ಗೊತ್ತಿತ್ತು. ಆದರೂ "ಹೌದಾ ಮಾವ? ಭೇಷ್!" ಎಂದೆ. (ಮಗಳು ಆಗ ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡಿದ್ದಳು, ಬಚಾವಾದೆ.)

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ನನ್ನ ಅಡುಗೆಮನೆಯ ಮರದ ಸೌಟುಗಳೆಲ್ಲ ಹಿಡಿ ಕಳೆದುಕೊಂಡು ಬಿದ್ದಿವೆ. ನನ್ನ ಕೆಂಪು ಸ್ಕಾರ್ಫು ಪಟ್ಟಿಪಟ್ಟಿಯಾಗಿದೆ. ಹಿಡಿಗೆ ಪಟ್ಟಿ ಕಟ್ಟಿ, ಕಬ್ಬಿಣದ ಬಣ್ಣ ಬಳಿದು, ಮಾವ ಪಿನ್ನು ಮಾಡಿದ್ದರು.

"ಇವತ್ತು ಹೀರೋ ಹಾರೋ ಸೀನು. ಪಿನ್ನು ತೋರಿಸೋದು ಹೇಗೆ ಅಂತ ನಾನೇ ಹೇಳಿಕೊಡ್ಬೇಕು. ನೀನೂ ಬಾ. ಮೊಮ್ಮಗಳೂ ನೋಡಲಿ, ಒಂದಾದ್ರೂ ನಿಜವಾದ ಸಿನಿಮಾ."

ಬೇಡ ಅನ್ನಲು ಬಾಯಿ ಬರಲಿಲ್ಲ. ನಿಜ ಹೇಳಲಂತೂ ಬರಲೇ ಇಲ್ಲ.

ಶೂಟಿಂಗ್ ಶೆಡ್ಡಿನ ನಡುವೆ, ಅಲ್ಲಾಡಿಸುವ ಯಂತ್ರವೊಂದರ ಮೇಲೆ ಬೂದು ಬಣ್ಣದ ವಿಮಾನ ಕೂತಿತ್ತು. ಶೂಟಿಂಗ್ ಶುರುವಾಗುವ ಮುಂಚೆ ಮಗಳನ್ನು ಪೈಲಟ್ ಸೀಟಿನಲ್ಲಿ ಕೂರಿಸಿ ಫೋಟೋ ತೆಗೆದೆ. ಇಳಿಸಿಕೊಂಡಾಗ ಅವಳ ಕೈ ಖಾಲಿ. ಏಣಿ ಹತ್ತುವಾಗ ಹಿಡಿದಿದ್ದ ಗಿಲಕಿ ಇಲ್ಲ! ಸೀಟಿನ ಸಂದಿಯಲ್ಲಿ ಕೈ ಹಾಕಿದೆ, ಸಿಗಲಿಲ್ಲ. ಲೈಟುಗಳು ಹತ್ತಿಬಿಟ್ಟವು. ಒಂದು ಗಿಲಕಿಗೋಸ್ಕರ ಇಷ್ಟು ಜನರನ್ನು ಯಾರು ನಿಲ್ಲಿಸುತ್ತಾರೆ? ಸುಮ್ಮನೆ ಏಣಿ ಇಳಿದೆ.

ಕೆಳಗೆ ಮಾವ ನಿಂತಿದ್ದರು. "ಒಳಗೆ ತಗೊಂಡು ಹೋಗಿದ್ದೆಲ್ಲ ಆಚೆ ಬಂತಾ?"

"ಎಲ್ಲಾ ಬಂತು ಮಾವ."

"ಗಿಲಕಿ?"

"ಅದು... ಮನೇಲೇ ಬಿಟ್ಟು ಬಂದಿದ್ವಲ್ಲ."

"ಬಸ್ಸಲ್ಲಿ ದಾರಿಯುದ್ದಕ್ಕೂ ನನ್ನ ಕಿವಿ ಹತ್ರ ಆಡಿಸಿದ್ಲಲ್ಲಮ್ಮ?"

ಮಾವ ಎರಡೂ ಕೈ ಎತ್ತಿ ಅಡ್ಡ ಹಾಕಿ ಗುಡುಗಿದರು: "ನಿಲ್ಲಿಸಿ! ವಿಮಾನದೊಳಗೆ ಸಾಮಾನು ಬಿದ್ದಿದೆ. ಇದು ಹಾರಲ್ಲ!"

ನಿರ್ದೇಶಕರು ಕುರ್ಚಿಯಿಂದ ಎದ್ದರು. "ಸಾರ್, ಅದು ಹೇಗೂ ಹಾರಲ್ಲ. ಪ್ಲೈವುಡ್ಡು."

"ಯಾವುದಾದ್ರೇನು? ಒಂದು ಸ್ಕ್ರೂ ಒಳಗೆ ಬಿಟ್ಟು ಕಳಿಸಿದ್ರೆ ಮೇಲೆ ಹೋದವನ ಗತಿ ಏನು?"

"ಮೇಲೆ ಹೋಗೋದೇ ಇಲ್ಲ ಸಾರ್ ಅವನು! ಇಲ್ಲೇ ಅಲ್ಲಾಡ್ತಾನೆ!"

"ಪಿನ್ನು ತೋರಿಸೋದಾದ್ರೂ ಯಾವಾಗ?"

"ಯಾವ ಪಿನ್ನು?" ನಿರ್ದೇಶಕರು ಗೆಳತಿಯ ಕಡೆ ತಿರುಗಿದರು. "ಯಾರ್ರೀ ಇವರು?"

ಬೆಳಗಿನಿಂದ ಬೈಸಿಕೊಂಡು ಬೆಂದು ಹೋಗಿದ್ದ ಗೆಳತಿ ಸಿಡಿದಳು. "ನಿಮ್ಮ ಸೊಸೇನೇ ಅಂಕಲ್ ಹೇಳಿದ್ದು! ಏನಂದ್ರೂ ತಲೆ ಆಡಿಸು, ಟೀ ಕೊಡು, ಸಂಜೆ ತನಕ ಇಟ್ಟುಕೋ ಅಂತ! ಮಗು ಮಲಗಬೇಕಂತೆ!"

ಎಲ್ಲರೂ ನನ್ನ ಕಡೆ ತಿರುಗಿದರು.

"ನಾನಾ?" ನನ್ನ ಬಾಯಿಂದ ಹೊರಟೇಹೋಯಿತು. "ನಾನ್ಯಾಕೆ ಹಾಗಂತೀನಿ ಮಾವ? ನಾನು ಹೇಳೇ ಇಲ್ಲ!"

"ಚುಳ್ಳು!" ಅಂದಳು ಮಗಳು, ಸೊಂಟದ ಮೇಲಿಂದ, ಸ್ಪಷ್ಟವಾಗಿ.

ಲೈಟಿನವರು ನಕ್ಕರು, ಹೀರೋ ನಕ್ಕ, ಟೀ ಹಂಚುವವರೂ ನಕ್ಕರು. ಮಾವ ನಗಲಿಲ್ಲ. ಬೈಯಲೂ ಇಲ್ಲ. ಕೈಲಿದ್ದ ಪಿನ್ನುಗಳನ್ನು ರೆಕ್ಕೆಯ ಮೇಲೆ ಒಂದರ ಪಕ್ಕ ಒಂದು ಜೋಡಿಸಿಟ್ಟರು. ಸೊಟ್ಟಗಿದ್ದ ಒಂದನ್ನು ನೆಟ್ಟಗೆ ಮಾಡಿದರು. "ನಡೀರಯ್ಯ" ಎಂದರು.

"ಏನಂತೆ?" ಎಂದು ರೇಡಿಯೋ ತಾತ ಕೇಳಿದರು.

"ಟೀ ಮುಗೀತಂತೆ" ಎಂದರು ಟೈರ್ ತಾತ.

ಮೂವರೂ ಬಸ್ಸು ಹಿಡಿಯಲು ಹೊರಟುಹೋದರು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ. ಸಿಮೆಂಟು ನೆಲ, ಬಾಯಿ ಬಿಡಲಿಲ್ಲ. ಹಿಂದೆ ಓಡಿ ಏನು ಹೇಳಲಿ? ನನ್ನ ಸಾಕ್ಷಿಯೇ ನನ್ನ ವಿರುದ್ಧವಿದ್ದಳು. ಮಗಳಿಗೆ ಬಾಟಲಿ ಕೊಟ್ಟು ಅಲ್ಲೇ ಮೂಲೆಯಲ್ಲಿ ಕೂತೆ.

ಅವರು ಮನೆ ಮುಟ್ಟುವ ಹೊತ್ತಿಗೆ ಇಲ್ಲಿ ಹಾರುವ ಸೀನು ಬಂತು. ಯಂತ್ರ ವಿಮಾನವನ್ನು ಅಲುಗಾಡಿಸಿತು. ಹೀರೋ ಕಣ್ಣಲ್ಲಿ ನೀರು ತಂದುಕೊಂಡು ರೇಡಿಯೋಗೆ ಹೇಳಿದ: "ನನ್ನ ತಾಯಿಗೆ ಹೇಳಿ..."

ಗಿಲಿಗಿಲಿಗಿಲಿ.

"ಕಟ್! ಏನದು?"

ಮತ್ತೆ ತೆಗೆದರು. "...ನಿನ್ನ ಮಗ ಹೆದರಲಿಲ್ಲ ಅಂತ..."

ಗಿಲಿಗಿಲಿ, ಗಿಲ್.

ಸೀಟು ಎತ್ತಿದರು, ಇಲ್ಲ. ತಳ ಬಡಿದರು, ಇಲ್ಲ. ಪಕ್ಕದ ಹಲಗೆ ಬಿಚ್ಚಿ ಎಂದರೆ ಬಡಗಿ ಬೆವರು ಒರೆಸಿಕೊಂಡ. "ಯಾರು ಸ್ವಾಮಿ ಇದನ್ನ ಮಾಡಿದ್ದು? ಒಂದೊಂದು ಸ್ಕ್ರೂನೂ ಒಂದಕ್ಕೊಂದು ಸೇರಿಸಿ ತಂತಿ ಹೆಣೆದಿದಾರೆ. ಇದನ್ನ ಬಿಚ್ಚೋಕೆ ಹೋದ್ರೆ ವಿಮಾನಾನೇ ಒಡೀಬೇಕು."

ಆಕಾಶದಲ್ಲಿ ಎಷ್ಟು ಅದುರಿದರೂ ಸ್ಕ್ರೂ ಸಡಿಲವಾಗಬಾರದು ಎಂದು ನಿಜವಾದ ವಿಮಾನಕ್ಕೆ ಹಾಗೇ ತಂತಿ ಬಿಗಿಯುತ್ತಾರೆ. ಮಾವ ಎಷ್ಟು ಸಲ ಹೇಳಿದ್ದರೋ. ಗೆಳತಿ ಟೀ ಕುಡಿಸಿ ತಲೆಯಾಡಿಸುತ್ತಿದ್ದ ಅಷ್ಟೂ ಭಾನುವಾರ, ಮೂವರು ಮುದುಕರು ಪ್ಲೈವುಡ್ಡನ್ನು ಹಾರಲು ಸಿದ್ಧಮಾಡುತ್ತ ಕೂತಿದ್ದರು.

"ಅವರನ್ನ ಕರೀರಿ" ಎಂದರು ನಿರ್ದೇಶಕರು. "ಆ ಪಿನ್ನೋ ಗಿನ್ನೋ ಎಲ್ಲಾ ಶೂಟ್ ಮಾಡೋಣ, ಮೊದಲು ಕರೀರಿ."

"ನಾನಂತೂ ಯಾವ ಮುಖ ಇಟ್ಕೊಂಡು ಫೋನ್ ಮಾಡ್ಲಿ?" ಎಂದಳು ಗೆಳತಿ. "ನೀನೇ ಮಾಡು."

ನನಗೆ ಮಾತ್ರ ಮುಖ ಎರಡಿದೆಯೇ? ಫೋನ್ ಕಿವಿಗಿಟ್ಟುಕೊಂಡು, ನಂಬರ್ ಒತ್ತದೆ, ಸ್ವಲ್ಪ ಹೊತ್ತು ನಿಂತೆ. "ಎತ್ತುತ್ತಾ ಇಲ್ಲ" ಎಂದೆ.

"ಚುಳ್ಳು" ಎಂದಳು ಮಗಳು.

ರೆಕ್ಕೆಯ ಮೇಲಿದ್ದ ಪಿನ್ನುಗಳನ್ನು ಬಾಚಿಕೊಂಡೆ, ಮಗಳನ್ನು ಎತ್ತಿಕೊಂಡು ಶೆಡ್ಡಿನ ಹಿಂದೆ ಹೋದೆ. ನೀರಿನ ಡ್ರಮ್ಮಿನ ಪಕ್ಕ ನಿಂತು ಈ ಸಲ ನಿಜವಾಗಿ ನಂಬರ್ ಒತ್ತಿದೆ.

"ಹಲೋ" ಎಂದರು ಮಾವ, ತೀರಾ ಮೆಲ್ಲಗೆ. ಹಿಂದಿನಿಂದ ಪಿಸಪಿಸ ಕೇಳುತ್ತಿತ್ತು. ("ಟೈರ್ ನೋಡು, ಟೈರು..." "ಏನಂದೆ?" "ಶ್!") "ಯಾಕಮ್ಮ, ಮಗು ಮಲಗ್ತಾ?"

"ಮಾವ, ನೀವೆಲ್ಲ ಏನು ಮಾಡ್ತಿದೀರ?"

"ಸಿನಿಮಾ. ಸೌಂಡ್ ಪೂರ್ತಿ ತೆಗೆದಿದೀವಿ. ನೀನು ಮಗು ಕರ್ಕೊಂಡು ಬರ್ತೀಯಲ್ಲ, ಅಭ್ಯಾಸ ಆಗ್ಲಿ ಅಂತ." ಆಮೇಲೆ, "ಮೊದಲೇ ನನಗೆ ಹೇಳಬಾರದಿತ್ತಾ?" ಎಂದರು.

ಬಾಯಿಪಾಠ ಮಾಡಿಕೊಂಡಿದ್ದ ಕ್ಷಮಾಪಣೆಯೆಲ್ಲ ಎಲ್ಲಿ ಹೋಯಿತೋ.

"ನಾನೇ ಹೇಳಿದ್ದು ಮಾವ, ಹಾಗೆಲ್ಲ. ಗಿಲಕಿ ಬೀಳಿಸಿದ್ದೂ ನಾನೇ. ಒಳಗೇ ಇದೆ. ನಿಮ್ಮ ತಂತಿ ಯಾರಿಗೂ ಬಿಚ್ಚೋಕೆ ಆಗ್ತಿಲ್ಲ."

"ಆಗಲ್ಲ" ಎಂದರು. ಎದೆ ಒಂದು ಗೇಣು ಮುಂದೆ ಬಂದದ್ದು ಫೋನಿನಲ್ಲೇ ಗೊತ್ತಾಯಿತು.

"ಪಿನ್ನು ನನ್ನ ಕೈಲಿವೆ ಮಾವ. ನೀವು ಬರೋ ತನಕ ಹಿಡ್ಕೊಂಡು ಇಲ್ಲೇ ನಿಂತಿರ್ತೀನಿ."

ಹೇಳಿ ಮಗಳ ಮುಖ ನೋಡಿದೆ, ತೀರ್ಪಿಗಾಗಿ ಕಾದೆ. ಅವಳು ನನ್ನನ್ನೇ ನೆಟ್ಟ ನೋಟದಿಂದ ನೋಡಿದಳು. ಏನೂ ಅನ್ನಲಿಲ್ಲ.

ಬಾಯಿ ತುಂಬ ಕೆಂಪು ರಿಬ್ಬನ್ ಇತ್ತು, ಅದಕ್ಕೂ ಇರಬಹುದು.